ಭಾರವೆಳೆಯುವ ಗಾಲಿಗೆ ತಕ್ಕ ಟೈರು

ಕಬ್ಬು ನುರಿಸುವ ಹಂಗಾಮಿನಲ್ಲಿ ವಿಜಯಪುರದಿಂದ ಬಬಲೇಶ್ವರದ ಕಡೆಗೆ ಹೋಗುವವರಿಗೆ, ಎರಡೆರಡು ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡು ಕೃಷ್ಣಾನಗರದ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆಯತ್ತ ನಿಧಾನವಾಗಿ ಸಾಗುವ ಟ್ರ್ಯಾಕ್ಟರುಗಳು ಕಾಣಸಿಗುತ್ತವೆ. ತಿಕೋಟಾದ ಕಡೆಯ ಸಾಗಾಟ ಬೇರೆ ಬಗೆಯದು. ಅಲ್ಲಿ ಒಣದ್ರಾಕ್ಷಿ ಹೇರಿದ ಲಾರಿಗಳು ತಾಸಗಾಂವ, ಸಾಂಗಲಿಗಳ ಪೇಟೆಗೆ ವೇಗವಾಗಿ ಧಾವಿಸುತ್ತವೆ. ಆದರೆ ಟೈರಿನ ಅಂಗಡಿಗೆ ಬಂದಾಗ ಇಬ್ಬರು ಒಡೆಯರೂ ಕೇಳುವ ಪ್ರಶ್ನೆ ಒಂದೇ: "ಗಟ್ಟಿ ಟೈರ್ ಯಾವ್ದರೀ?" ದಪ್ಪನೆಯ ಟೈರನ್ನು ತಟ್ಟಿ ನೋಡಿ, ಅದೇ ಬಾಳುವುದೆಂದು ನಂಬಿ ಕೊಳ್ಳುವವರು ಬಹಳ. ಈ ನಂಬಿಕೆಯನ್ನು ಭೌತಶಾಸ್ತ್ರದ ಒರೆಗಲ್ಲಿಗೆ ತಿಕ್ಕಿ ನೋಡೋಣ.

ಭಾರವನ್ನು ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಲಾರಿಗಳಿಗೆ ಬಳಸುವ 10.00-20 ಅಳತೆಯ ಒಂದು ಬಲವಾದ ಟೈರು ಒಂಟಿಯಾಗಿ 3,000 ಕಿಲೋಗ್ರಾಂ ಹೊರಬಲ್ಲದು. ಅದಕ್ಕೆ ಬೇಕಾದ ಗಾಳಿಯ ಒತ್ತಡ ಸುಮಾರು 830 ಕಿಲೋಪಾಸ್ಕಲ್, ಎಂದರೆ ಚಾಲಕರು ಹೇಳುವ 120 ಪೌಂಡು. ಭಾರವನ್ನು ಒತ್ತಡದಿಂದ ಭಾಗಿಸಿದರೆ ಟೈರು ನೆಲವನ್ನು ಮುಟ್ಟುವ ಕ್ಷೇತ್ರ ಬರುತ್ತದೆ: ಹೆಚ್ಚುಕಡಿಮೆ 350 ಚದರ ಸೆಂಟಿಮೀಟರು. ವಿದ್ಯಾರ್ಥಿಯ ನೋಟುಪುಸ್ತಕದ ಒಂದು ಪುಟದಷ್ಟು ಜಾಗದ ಮೇಲೆ ಮೂರು ಟನ್ನು ನಿಂತಿರುತ್ತದೆ! ಗಾಳಿ ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಈ ಪುಟ 440 ಚದರ ಸೆಂಟಿಮೀಟರಿಗೆ ಹಿಗ್ಗಬೇಕು. ಹಿಗ್ಗಬೇಕಾದರೆ ಟೈರಿನ ಪಕ್ಕೆ ಇನ್ನಷ್ಟು ಬಾಗಬೇಕು. ಕೇಡು ಮೊದಲಾಗುವುದು ಇಲ್ಲಿಂದಲೇ.

ರಬ್ಬರಿನ ಚೆಂಡನ್ನು ಕೈಬಿಟ್ಟರೆ ಅದು ಬಿಟ್ಟ ಎತ್ತರಕ್ಕೆ ಮರಳಿ ನೆಗೆಯುವುದಿಲ್ಲವಷ್ಟೆ. ಕಡಿಮೆಯಾದ ಶಕ್ತಿಯಲ್ಲಿ ಬಹುಪಾಲು ರಬ್ಬರಿನೊಳಗೆ ಶಾಖವಾಗಿ ಪರಿಣಮಿಸಿದೆ. ಲಾರಿಯ ಟೈರು ಒಂದು ಕಿಲೋಮೀಟರಿಗೆ ಸುಮಾರು 300 ಸುತ್ತು ಸುತ್ತುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಅದರ ಪ್ರತಿಯೊಂದು ಭಾಗವೂ ಸೆಕೆಂಡಿಗೆ ಐದು ಸಲ ಅದುಮಿ ಬಿಡಲ್ಪಡುತ್ತದೆ. ಪ್ರತಿಸಲವೂ ಒಂದಿಷ್ಟು ಶಾಖ. ರಬ್ಬರು ಶಾಖದ ಕಳಪೆ ವಾಹಕ; ದಪ್ಪ ಹೆಚ್ಚಿದಂತೆ ಒಳಗೆ ಹುಟ್ಟುವ ಶಾಖವೂ ಹೆಚ್ಚು, ಅದು ಹೊರಬೀಳುವ ದಾರಿಯೂ ಉದ್ದ. ಕಾಯ್ದ ರಬ್ಬರಿಗೂ ಒಳಗಿನ ಹುರಿಗಳಿಗೂ ಇರುವ ಬೆಸುಗೆ ದುರ್ಬಲವಾಗಿ, ಪದರಗಳು ಬಿಟ್ಟುಕೊಂಡು, ಕಡೆಗೆ ಟೈರು ಸಿಡಿಯುತ್ತದೆ. ಆದುದರಿಂದ ಹೊಲದಲ್ಲಿ ಗಟ್ಟಿಯೆನಿಸಿದ ದಪ್ಪ ಟೈರೇ ಹೆದ್ದಾರಿಯ ವೇಗದಲ್ಲಿ ಬೇಗನೆ ಸಾಯಬಹುದು. ಭಾರವಾದ ಟೈರುಗಳಲ್ಲಿ ಕೃತಕ ರಬ್ಬರಿಗಿಂತ ಮರದ ಹಾಲಿನಿಂದ ಬಂದ ರಬ್ಬರನ್ನೇ ಹೆಚ್ಚಾಗಿ ಬಳಸುವುದು ಅದು ಕಡಿಮೆ ಕಾಯುತ್ತದೆಂಬ ಕಾರಣದಿಂದ.

ನಮ್ಮ ಜಿಲ್ಲೆಯ ಬೇಸಗೆಯಲ್ಲಿ ಇನ್ನೊಂದು ಅನರ್ಥ ನಡೆಯುತ್ತದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ 120 ಪೌಂಡು ತುಂಬಿದ ಗಾಳಿ, ಓಡಿ ಓಡಿ 65 ಡಿಗ್ರಿಗೆ ಏರಿತೆನ್ನೋಣ. ವಾಯುಮಂಡಲದ ಒತ್ತಡವನ್ನು ಕೂಡಿಸಿಕೊಂಡು, ಉಷ್ಣತೆಯನ್ನು ಕೆಲ್ವಿನ್ ಮಾನಕ್ಕೆ ಪರಿವರ್ತಿಸಿ ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು: ಮಾಪಕವು ಸುಮಾರು 138 ಪೌಂಡು ತೋರಿಸುತ್ತದೆ. ಇದನ್ನು ಕಂಡು ಹೆದರಿ ಮಧ್ಯಾಹ್ನ ಗಾಳಿ ಬಿಡುವ ಚಾಲಕರುಂಟು. ಹೆಚ್ಚಿದ್ದು ಒತ್ತಡವೇ ಹೊರತು ಗಾಳಿಯಲ್ಲ. ಬಿಟ್ಟ ಮೇಲೆ ಟೈರು ಹೆಚ್ಚು ಬಾಗಿ ಇನ್ನೂ ಹೆಚ್ಚು ಕಾಯುತ್ತದೆ. ಮರುದಿನ ಬೆಳಿಗ್ಗೆ ತಣ್ಣಗಾದಾಗ ಗಾಳಿ ಸಾಲದೆ ಇರುತ್ತದೆ. ಗಾಳಿಯನ್ನು ಅಳೆಯತಕ್ಕದ್ದು ಟೈರು ತಂಪಾಗಿರುವಾಗ.

ಇನ್ನು ಒಳಗಿನ ನೇಯ್ಗೆ. ಹಳೆಯ ಮಾದರಿಯಲ್ಲಿ ಹುರಿಗಳ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾಯ್ದಿರುತ್ತವೆ. ಬಾಗಿದಾಗ ಪದರಗಳು ಪರಸ್ಪರ ಸೆಣಸಿ ಕಾಯುತ್ತವೆ. ಆದರೆ ಪಕ್ಕೆ ಬಿಗಿಯಾಗಿದ್ದು ಕಲ್ಲಿನ ಪೆಟ್ಟನ್ನು ಚೆನ್ನಾಗಿ ತಾಳುತ್ತದೆ. ಫ್ರಾನ್ಸಿನ ಮಿಶೆಲಿನ್ ಸಂಸ್ಥೆ 1946ರಲ್ಲಿ ಹಕ್ಕುಪತ್ರ ಪಡೆದ ರೇಡಿಯಲ್ ಟೈರಿನಲ್ಲಿ ಹುರಿಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ; ನೆಲಕ್ಕೆ ತಾಗುವ ಭಾಗದ ಅಡಿಯಲ್ಲಿ ಉಕ್ಕಿನ ಪಟ್ಟಿ ಸುತ್ತಿರುತ್ತದೆ. ಪಕ್ಕೆ ಸಡಿಲವಾಗಿ ಬಾಗಿದರೂ ಮೇಲ್ಮೈ ರಸ್ತೆಯ ಮೇಲೆ ತಿಕ್ಕಾಡುವುದಿಲ್ಲ. ತಿಕೋಟಾದ ದೂರದೋಟದ ಲಾರಿಗೆ ನಾವು ನಿಸ್ಸಂದೇಹವಾಗಿ ರೇಡಿಯಲ್ಲನ್ನೇ ಸೂಚಿಸುತ್ತೇವೆ. ಕಲ್ಲುಗಣಿಯ ದಾರಿಯಲ್ಲಿ ಮೆಲ್ಲಗೆ ಓಡಾಡುವ ವಾಹನಕ್ಕೆ ಹಳೆಯ ನೇಯ್ಗೆ ಇಂದಿಗೂ ಕೆಟ್ಟದಲ್ಲ. ಒಂದೇ ಅಚ್ಚಿಗೆ ಎರಡೂ ಜಾತಿಯನ್ನು ಬೆರೆಸುವುದು ಮಾತ್ರ ಸಲ್ಲದು.

ಕಬ್ಬಿನ ಟ್ರ್ಯಾಕ್ಟರಿನಲ್ಲಿ ಹೊರುವುದರ ಜೊತೆಗೆ ಎಳೆಯುವ ಕೆಲಸವೂ ಸೇರುತ್ತದೆ. ಎಳೆಯಬೇಕಾದುದೆಲ್ಲ 20 ಟನ್ನು ಎಂದಿಟ್ಟುಕೊಳ್ಳೋಣ. ಸಮನಾದ ಡಾಂಬರು ರಸ್ತೆಯಲ್ಲಿ ಅದನ್ನು ಉರುಳಿಸಲು ಸುಮಾರು 300 ಕಿಲೋಗ್ರಾಂ ಭಾರದಷ್ಟು ಬಲ ಸಾಕು. ಇಪ್ಪತ್ತಕ್ಕೆ ಒಂದರಂತೆ ಏರುವ ದಿಬ್ಬ ಬಂದರೆ ಇನ್ನೂ 1,000 ಬೇಕು; ಒಟ್ಟು 1,300. ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಮೇಲಿನ ಭಾರ 1,500 ಕಿಲೋಗ್ರಾಂ, ಘರ್ಷಣಾಂಕ 0.7 ಆದರೆ ದೊರೆಯುವ ಹಿಡಿತ 1,050 ಮಾತ್ರ. ಗಾಲಿ ಜಾರುತ್ತದೆ, ರಬ್ಬರು ಉಜ್ಜಿಹೋಗುತ್ತದೆ. ಎಂಜಿನ್ನಿನ ಅಶ್ವಶಕ್ತಿ ಎಷ್ಟಿದ್ದರೂ ಇದಕ್ಕೆ ಪರಿಹಾರವಲ್ಲ. ಹಿಂದಿನ ಟೈರಿಗೆ ಮುಕ್ಕಾಲು ಪಾಲು ನೀರು ತುಂಬುವ ಅಥವಾ ಗಾಲಿಗೆ ಕಬ್ಬಿಣದ ತೂಕ ಕಟ್ಟುವ ರೂಢಿ ಹುಟ್ಟಿದ್ದು ಇದಕ್ಕಾಗಿಯೇ. ತೂಕ ಹೆಚ್ಚಿಸುವ ಮುನ್ನ ಆ ಟೈರು ಅಷ್ಟನ್ನು ಹೊರಬಲ್ಲದೇ ಎಂದು ನೋಡಬೇಕಷ್ಟೆ. ಭಾರವನ್ನು ಇಳಿಸುವುದು ಇದಕ್ಕಿಂತ ಒಳ್ಳೆಯ ಉಪಾಯ; ದಿಬ್ಬದ ಮೇಲೆ ಹಿಡಿತ ತಪ್ಪಿದ ಟ್ರೇಲರು ಹಿಂದಕ್ಕೆ ಉರುಳಿದರೆ ಹಿಂದಿನವರ ಪ್ರಾಣಕ್ಕೇ ಸಂಚಕಾರ.

ಎರೆಮಣ್ಣಿನ ಹೊಲದಲ್ಲಿ ಎತ್ತರದ, ಓರೆಯಾದ ಉಬ್ಬುಪಟ್ಟಿಗಳು ಮಣ್ಣನ್ನು ಕಚ್ಚುತ್ತವೆ. ಅವೇ ಪಟ್ಟಿಗಳು ಡಾಂಬರಿನ ಮೇಲೆ ತಮ್ಮ ತುದಿಗಳಲ್ಲಿ ಮಾತ್ರ ಭಾರ ಹೊತ್ತು ಬೇಗ ಸವೆಯುತ್ತವೆ. ವರ್ಷದಲ್ಲಿ ಹೆಚ್ಚು ದಿನ ಕಾರ್ಖಾನೆಯ ದಾರಿಯಲ್ಲೇ ಕಳೆಯುವ ಟ್ರ್ಯಾಕ್ಟರಿಗೆ ಪಟ್ಟಿಗಳು ಅಗಲವಾಗಿಯೂ ಒತ್ತಾಗಿಯೂ ಇರುವ ಟೈರು ಒಳಿತು. ಟ್ರೇಲರಿನ ಗಾಲಿ ಎಳೆಯುವುದಿಲ್ಲ, ಉರುಳುತ್ತದೆ ಮಾತ್ರ. ಅದಕ್ಕೆ ಉದ್ದುದ್ದ ಗೆರೆಗಳ ಟೈರೇ ಸಾಕು.

ಕೊಳ್ಳುವಾಗ ಪಕ್ಕೆಯ ಮೇಲಿನ ಬರಹವನ್ನು ಓದಬೇಕು. 146/143 ಕೆ ಎಂದಿದ್ದರೆ ಒಂಟಿಯಾಗಿ 3,000, ಜೋಡಿಯಲ್ಲಿ ತಲಾ 2,725 ಕಿಲೋಗ್ರಾಂ. ವೇಗದ ಮಿತಿ ಗಂಟೆಗೆ 110 ಕಿಲೋಮೀಟರು. ಟ್ರ್ಯಾಕ್ಟರಿನ ಟೈರಿನ ಮೇಲೆ ಎ8 ಎಂದಿದ್ದರೆ ಮಿತಿ 40. ನಾಲ್ಕಂಕಿಯ ಸಂಖ್ಯೆ ತಯಾರಾದ ಕಾಲವನ್ನು ತಿಳಿಸುತ್ತದೆ; 2224 ಎಂದರೆ 2024ನೆಯ ವರ್ಷದ 22ನೆಯ ವಾರ. ಭಾರವನ್ನು ಅಂದಾಜಿನಿಂದಲ್ಲ, ತೂಕದ ಕಟ್ಟೆಯಲ್ಲಿ ಅಚ್ಚು ಅಚ್ಚಾಗಿ ತಿಳಿಯಬೇಕು. ಎರಡು ಗಾಲಿಯ ಟ್ರೇಲರು ತನ್ನ ಭಾರದ ಒಂದು ಪಾಲನ್ನು ಕೊಂಡಿಯ ಮೂಲಕ ಎಳೆಯುವ ವಾಹನದ ಹಿಂದಿನ ಅಚ್ಚಿಗೆ ದಾಟಿಸುತ್ತದೆ. ಆ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೋಡಿ ಗಾಲಿಗಳಲ್ಲಿ ಒಂದು ಹೊಸತು, ಒಂದು ಸವೆದದ್ದು ಇದ್ದರೆ ಎತ್ತರದ್ದೇ ಹೆಚ್ಚು ಹೊರುತ್ತದೆ, ಗಿಡ್ಡನೆಯದು ಉಜ್ಜುತ್ತ ಸಾಗುತ್ತದೆ. ಆದುದರಿಂದ ಜೋಡಿಯನ್ನು ಅಳೆದು, ಸಮನಾದುವನ್ನೇ ಕೂಡಿಸಬೇಕು.