ಲಕ್ಷಣ ಒಂದು, ಸಂಪ್ರಾಪ್ತಿ ಹಲವು: ಯಕೃತ್ತು, ಹೃದಯ ಮತ್ತು ಕರುಳಿನ ರೋಗಗಳನ್ನು ಅರಿಯುವ ಬಗೆ

ರೋಗವನ್ನು ತಿಳಿಯಲು ಆಯುರ್ವೇದವು ಐದು ಸಾಧನಗಳನ್ನು ಹೇಳುತ್ತದೆ: ನಿದಾನ, ಪೂರ್ವರೂಪ, ರೂಪ, ಉಪಶಯ ಮತ್ತು ಸಂಪ್ರಾಪ್ತಿ. ನಿದಾನವೆಂದರೆ ಕಾರಣ, ಪೂರ್ವರೂಪವೆಂದರೆ ಮುನ್ಸೂಚನೆ, ರೂಪವೆಂದರೆ ಹೊರಗೆ ಕಾಣುವ ಲಕ್ಷಣ. ಯಾವ ಆಹಾರ, ಔಷಧ, ವಿಹಾರಗಳಿಂದ ರೋಗಿಗೆ ಹಿತವಾಗುತ್ತದೆ ಎಂಬ ಪರೀಕ್ಷೆಯೇ ಉಪಶಯ. ಐದನೆಯದಾದ ಸಂಪ್ರಾಪ್ತಿ ಇವುಗಳಲ್ಲಿ ಕಠಿಣವಾದುದು. ಕಾರಣವು ಶರೀರವನ್ನು ಹೊಕ್ಕ ಬಳಿಕ ಯಾವ ದೋಷ ಕೆರಳಿತು, ಯಾವ ಮಾರ್ಗವಾಗಿ ಹರಿಯಿತು, ಯಾವ ಅವಯವದಲ್ಲಿ ನೆಲೆಯೂರಿತು ಎಂಬ ಒಳಗಿನ ನಡೆಯೆಲ್ಲವೂ ಸಂಪ್ರಾಪ್ತಿ. ಆಧುನಿಕ ವೈದ್ಯರು ಪೆಥಾಲಜಿ ಎಂದು ಕರೆಯುವ ಶಾಸ್ತ್ರದ ವಿಷಯವೂ ಬಹುಮಟ್ಟಿಗೆ ಇದೇ.

ನಮ್ಮ ಬಳಿಗೆ ಬರುವವರು ರೂಪವನ್ನಷ್ಟೇ ಕಂಡು, ರೋಗದ ಹೆಸರನ್ನು ತಾವೇ ಇಟ್ಟುಕೊಂಡು ಬರುತ್ತಾರೆ. ಕಣ್ಣು ಹಳದಿಯಾದರೆ ಕಾಮಾಲೆ, ಎದೆ ಉರಿದರೆ ಗ್ಯಾಸ್ಟ್ರಿಕ್, ಮಲದಲ್ಲಿ ರಕ್ತ ಬಂದರೆ ಮೂಲವ್ಯಾಧಿ. ಈ ಮೂರು ಹೆಸರುಗಳಷ್ಟು ಜನರನ್ನು ದಾರಿ ತಪ್ಪಿಸಿದ ಹೆಸರುಗಳು ಬೇರೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಮೊದಲು ಯಕೃತ್ತನ್ನು ನೋಡೋಣ. ರಕ್ತದಲ್ಲಿರುವ ಕೆಂಪು ಕಣಗಳ ಆಯುಷ್ಯ ಸುಮಾರು 120 ದಿನ. ಮುಪ್ಪಾದ ಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಯಕೃತ್ತು ಅದನ್ನು ರಕ್ತದಿಂದ ಎಳೆದುಕೊಂಡು, ಪರಿವರ್ತಿಸಿ, ಪಿತ್ತರಸದೊಡನೆ ಕರುಳಿಗೆ ಕಳುಹಿಸುತ್ತದೆ. ಮಲಕ್ಕೆ ಅದರ ಸಹಜ ಬಣ್ಣ ಬರುವುದು ಇದರಿಂದಲೇ. ಆರೋಗ್ಯವಂತರಲ್ಲಿ ಒಂದು ಡೆಸಿಲೀಟರ್ ರಕ್ತದಲ್ಲಿ ಬಿಲಿರುಬಿನ್ ಸುಮಾರು 1 ಮಿಲಿಗ್ರಾಂ ಮೀರುವುದಿಲ್ಲ, ಅದು 2.5ರಿಂದ 3ರಷ್ಟಾದಾಗ ಕಣ್ಣಿನ ಬಿಳಿಭಾಗ ಹಳದಿಯಾಗಿ ಕಾಣುತ್ತದೆ. ಈ ಏರಿಕೆ ಮೂರು ಎಡೆಗಳಲ್ಲಿ ಆಗಬಹುದು. ರಕ್ತಕಣಗಳು ಅತಿಯಾಗಿ ಒಡೆಯಬಹುದು. ಯಕೃತ್ತಿನ ಜೀವಕೋಶಗಳೇ ಬೇನೆಗೊಳಗಾಗಬಹುದು. ಅಥವಾ ಯಕೃತ್ತು ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದರೂ ಪಿತ್ತನಾಳದಲ್ಲಿ ಅಡ್ಡಿಯುಂಟಾಗಿ ಪಿತ್ತ ಹಿಂದಕ್ಕೆ ಮರಳಿ ರಕ್ತವನ್ನು ಸೇರಬಹುದು.

ಈ ಮೂರನೆಯ ಬಗೆಯನ್ನು ಚರಕಸಂಹಿತೆ ಗುರುತಿಸಿತ್ತೆಂಬುದನ್ನು ನಾನು ಇಂದಿಗೂ ಬೆರಗಿನಿಂದ ನೆನೆಯುತ್ತೇನೆ. ಚಿಕಿತ್ಸಾಸ್ಥಾನದ ಪಾಂಡುರೋಗದ ಅಧ್ಯಾಯದಲ್ಲಿ ಪಿತ್ತದ ಮಾರ್ಗವು ಕಫದಿಂದ ಮುಚ್ಚಿಹೋಗುವ ಕಾಮಲೆಯನ್ನು ಬೇರೆಯಾಗಿಯೇ ಹೇಳಿದೆ. ಅಂಥ ರೋಗಿಯ ಮಲವು ಅರೆದ ಎಳ್ಳಿನ ಹಿಟ್ಟಿನಂತೆ ಬಿಳಿಚಿಕೊಂಡಿರುತ್ತದೆ ಎಂಬ ಗುರುತನ್ನೂ ಕೊಟ್ಟಿದೆ. ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲಿ ಮಲದ ಬಣ್ಣವೊಂದರಿಂದಲೇ ಒಳಗಿನ ಅಡ್ಡಿಯನ್ನು ಊಹಿಸಿದ ಜಾಣ್ಮೆ ಅದು.

ಹಾಗಿದ್ದೂ ನಮ್ಮ ಹಳ್ಳಿಗಳಲ್ಲಿ ಕಾಮಾಲೆಯೆಂದರೆ ಒಂದೇ ಕಾಮಾಲೆ, ಒಂದೇ ನಾಟಿ ಔಷಧ. ಕೆಲವೆಡೆ ಕೈಗೆ ಬರೆ ಹಾಕಿಸುತ್ತಾರೆ. ಇನ್ನು ಕೆಲವೆಡೆ ಮೂಗಿಗೆ ಕಹಿಕಾಯಿಯ ರಸ ಬಿಟ್ಟು, ಹಳದಿ ನೀರು ಸುರಿಯುವುದನ್ನು ಕಂಡು ಕಾಮಾಲೆ ಇಳಿಯಿತೆಂದು ಸಮಾಧಾನಪಡುತ್ತಾರೆ. ಆ ನೀರು ಕೆರಳಿದ ಮೂಗಿನ ಒಳಪೊರೆಯಿಂದ ಬಂದದ್ದೇ ಹೊರತು ಯಕೃತ್ತಿನಿಂದ ಬಂದದ್ದಲ್ಲ. ಇವುಗಳಿಂದ ವಾಸಿಯಾದವರು ಬಹಳ ಮಂದಿ ಇದ್ದಾರಲ್ಲ ಎಂದು ಕೇಳುವವರಿಗೆ ಉತ್ತರವು ಸಂಪ್ರಾಪ್ತಿಯಲ್ಲಿಯೇ ಇದೆ. ಜಾತ್ರೆಯ ಬಳಿಕವೋ ಮಳೆಗಾಲದಲ್ಲೋ ಕಲುಷಿತ ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಆ ಕೀರ್ತಿ ಬರೆ ಹಾಕಿದವರಿಗೆ ಸಲ್ಲುತ್ತದೆ. ಆದರೆ ಹೆಪಟೈಟಿಸ್ ಇ ಗರ್ಭಿಣಿಯರಲ್ಲಿ, ವಿಶೇಷವಾಗಿ ಕೊನೆಯ ಮೂರು ತಿಂಗಳುಗಳಲ್ಲಿ, ಪ್ರಾಣಾಪಾಯ ತರುತ್ತದೆ. ಗರ್ಭಿಣಿಯ ಕಣ್ಣು ಹಳದಿಯಾದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು.

ರಕ್ತದ ಮೂಲಕ, ಶುದ್ಧಗೊಳಿಸದ ಸೂಜಿ ಮತ್ತು ಕ್ಷೌರದ ಕತ್ತಿಯ ಮೂಲಕ ಬರುವ ಹೆಪಟೈಟಿಸ್ ಬಿ ಮತ್ತು ಸಿ ಬೇರೆಯೇ ಬಗೆಯವು. ಕಣ್ಣು ತಿಳಿಯಾದ ಮೇಲೂ ವೈರಸ್ ಒಳಗೇ ಉಳಿದು, ಹತ್ತಾರು ವರ್ಷ ಸದ್ದಿಲ್ಲದೆ ಯಕೃತ್ತನ್ನು ಕಲೆಗಟ್ಟಿಸಬಹುದು. ಇದೇ ಸಿರೋಸಿಸ್. ಮದ್ಯಪಾನ, ಕೊಬ್ಬು ತುಂಬಿದ ಯಕೃತ್ತು ಇವೂ ಅದೇ ಕೊನೆಯನ್ನು ಮುಟ್ಟುತ್ತವೆ. ಕೊಬ್ಬು ತುಂಬಿದ ಹಂತದಲ್ಲಿ ತೂಕ ಇಳಿಸಿದರೆ, ಮದ್ಯ ಬಿಟ್ಟರೆ ಯಕೃತ್ತು ಚೇತರಿಸಿಕೊಳ್ಳುತ್ತದೆ. ಪೂರ್ತಿ ಕಲೆಗಟ್ಟಿದ ಮೇಲೆ ಅದರೊಳಗೆ ರಕ್ತ ಹರಿಯಲಾರದೆ ಒತ್ತಡ ಏರಿ, ಜಲೋದರವಾಗಿ ಹೊಟ್ಟೆ ಉಬ್ಬುತ್ತದೆ, ಅನ್ನನಾಳದ ಸಿರೆಗಳು ಒಡೆದು ರಕ್ತವಾಂತಿಯಾಗುತ್ತದೆ.

ನೆಲನೆಲ್ಲಿಯ ವಿಷಯ ಕೇಳುವವರು ಬಹಳ. 1988ರಲ್ಲಿ ಮದ್ರಾಸಿನ ವೈದ್ಯರು ನೆಲನೆಲ್ಲಿಯಿಂದ ಹಲವರ ರಕ್ತದಲ್ಲಿ ಹೆಪಟೈಟಿಸ್ ಬಿ ಗುರುತು ಇಲ್ಲವಾಯಿತೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದಾಗ ನಮ್ಮಂಥವರಿಗೆ ಹಿಗ್ಗೇ ಹಿಗ್ಗು. ಬಳಿಕ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಮರಳಿ ದೊರೆಯಲಿಲ್ಲ. ನಾನು ನೆಲನೆಲ್ಲಿಯನ್ನು ಈಗಲೂ ಕೊಡುತ್ತೇನೆ. ಆದರೆ ರಕ್ತಪರೀಕ್ಷೆಯ ನಂತರ ಕೊಡುತ್ತೇನೆ, ಅದರ ಬದಲಿಗಲ್ಲ. ಪಿತ್ತನಾಳದಲ್ಲಿ ಕಲ್ಲೋ ಗೆಡ್ಡೆಯೋ ಅಡ್ಡ ಕುಳಿತಿದ್ದರೆ ಯಾವ ಮೂಲಿಕೆಯೂ ಅದನ್ನು ಸರಿಸಲಾರದು. ಮೂತ್ರ ಕಡುಹಳದಿ, ಮಲ ಬಿಳಿಚು, ಮೈಯೆಲ್ಲ ತುರಿಕೆ: ಈ ಮೂರೂ ಕೂಡಿದರೆ ಪಥ್ಯ ಹಿಡಿದು ಕೂರುವಂತಿಲ್ಲ, ಹೊಟ್ಟೆಯ ಸ್ಕ್ಯಾನಿಂಗ್ ಆಗಲೇಬೇಕು. ನೋವೇ ಇಲ್ಲದೆ ವೃದ್ಧರಲ್ಲಿ ಹೀಗಾದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಹೃದಯದ ಸಂಪ್ರಾಪ್ತಿ ಇದಕ್ಕಿಂತ ಮೋಸದ್ದು. ಸುಶ್ರುತಸಂಹಿತೆಯು ರೋಗವು ಬೆಳೆಯುವ ಆರು ಹಂತಗಳನ್ನು ಹೇಳುತ್ತದೆ: ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ, ಭೇದ. ಜನರಿಗೆ ರೋಗ ಕಾಣುವುದು ಐದನೆಯದರಲ್ಲಿ. ಹೃದಯಕ್ಕೆ ರಕ್ತ ಒಯ್ಯುವ ಧಮನಿಗಳ ಗೋಡೆಯಲ್ಲಿ ಕೊಬ್ಬು ಸೇರತೊಡಗುವುದು ಯೌವನದಲ್ಲಿಯೇ. ಹೊಗೆಸೊಪ್ಪು, ಮಧುಮೇಹ, ರಕ್ತದೊತ್ತಡ ಅದನ್ನು ತ್ವರೆಗೊಳಿಸುತ್ತವೆ. ಕೊಳಾಯಿ ಕಟ್ಟಿಕೊಳ್ಳುವಂತೆ ಧಮನಿಯು ನಿಧಾನವಾಗಿ ಪೂರ್ತಿ ಮುಚ್ಚಿದಾಗ ಹೃದಯಾಘಾತವಾಗುತ್ತದೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅರ್ಧದಷ್ಟೂ ಮುಚ್ಚದಿದ್ದ ಎಡೆಯಲ್ಲಿ ಕೊಬ್ಬಿನ ಹೊದಿಕೆ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಕೆಲವೇ ನಿಮಿಷಗಳಲ್ಲಿ ದಾರಿ ಮುಚ್ಚಿಹೋಗಬಹುದು. ನಿನ್ನೆಯವರೆಗೆ ಹೊಲದಲ್ಲಿ ದುಡಿದವರು ಇಂದು ಕುಸಿಯುವುದು ಹೀಗೆ.

ಹೃದಯ ಮತ್ತು ಅನ್ನನಾಳಗಳ ನರಗಳು ಒಂದೇ ನೆಲೆಯನ್ನು ಸೇರುವುದರಿಂದ ಎರಡರ ನೋವನ್ನೂ ಮಿದುಳು ಸ್ಪಷ್ಟವಾಗಿ ಬೇರ್ಪಡಿಸಲಾರದು. ಆದ್ದರಿಂದ ಹೃದಯಾಘಾತವು ಎದೆಯುರಿಯಂತೆ, ಮೇಲ್ಹೊಟ್ಟೆಯ ಭಾರದಂತೆ ತೋರುತ್ತದೆ. ಮಧುಮೇಹಿಗಳಲ್ಲಿ, ಸ್ತ್ರೀಯರಲ್ಲಿ ಎದೆನೋವೇ ಇಲ್ಲದೆ ಬರಿಯ ಬೆವರು, ಏದುಸಿರು, ಸುಸ್ತು ಕಾಣಬಹುದು. ಸೋಡಾ ಕುಡಿದು, ಜೀರಿಗೆ ಕಷಾಯ ಮಾಡಿಸಿಕೊಂಡು ಬೆಳಗಾಗಲೆಂದು ಕಾಯುವ ಆ ಗಂಟೆಗಳಲ್ಲಿಯೇ ಹೃದಯದ ಮಾಂಸ ಸಾಯುತ್ತಿರುತ್ತದೆ. ನಲವತ್ತು ದಾಟಿದವರಿಗೆ ಹೊಸದಾಗಿ ಇಂಥ ಉರಿ ಬಂದು, ಬೆವರು ಜೊತೆಗೂಡಿದರೆ 108ಕ್ಕೆ ಕರೆ ಮಾಡಿ. ಬೈಕ್ ಹತ್ತಿಸಬೇಡಿ, ನಡೆಸಬೇಡಿ. ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ಮಾಡಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಇಸಿಜಿ ಸರಿಯಿದ್ದರೆ ಕಷಾಯಕ್ಕೆ ಆಮೇಲೆ ಸಮಯವಿದೆ.

ಕರುಳಿನ ಮಾತು ಹೇಳಲು ಜನ ನಾಚುತ್ತಾರೆ. ರೋಗ ಬೆಳೆಯಲು ಈ ನಾಚಿಕೆಯೇ ಸಹಾಯಕ. ಮೂಲವ್ಯಾಧಿಯ ರಕ್ತ ಪ್ರಾಯಃ ನೋವಿಲ್ಲದೆ, ಮಲವಿಸರ್ಜನೆಯ ಕೊನೆಯಲ್ಲಿ ಕೆಂಪಗೆ ತೊಟ್ಟಿಕ್ಕುತ್ತದೆ. ಕತ್ತರಿಸಿದಂತೆ ನೋವಾದರೆ ಗುದದ ಸೀಳು ಇರಬಹುದು. ರಕ್ತದೊಡನೆ ಲೋಳೆ ಬೆರೆತು, ರಾತ್ರಿಯೂ ಎದ್ದು ಹೋಗುವಂತಾದರೆ ಕರುಳಿನ ಹುಣ್ಣು ಅಥವಾ ಸೋಂಕನ್ನು ಶಂಕಿಸಬೇಕು. ಮಲದ ರೂಢಿ ಬದಲಾಗಿ, ರಕ್ತಹೀನತೆ ಬಂದು, ತೂಕ ಇಳಿದರೆ ಕ್ಯಾನ್ಸರ್ ಇಲ್ಲವೆಂದು ಖಚಿತವಾಗುವವರೆಗೆ ಬಿಡಬಾರದು. ದೊಡ್ಡ ಕರುಳಿನ ಕ್ಯಾನ್ಸರ್ ಬಹುಮಟ್ಟಿಗೆ ಪಾಲಿಪ್ ಎಂಬ ಚಿಕ್ಕ ಮೊಳಕೆಯಿಂದ ಸುಮಾರು ಹತ್ತು ವರ್ಷಗಳಲ್ಲಿ ಬೆಳೆಯುವಂಥದು. ಮೊಳಕೆಯಿರುವಾಗಲೇ ಕೊಲೊನೊಸ್ಕೋಪಿಯಲ್ಲಿ ಕಂಡರೆ ಕಿತ್ತುಹಾಕಬಹುದು. ಬಸ್ ನಿಲ್ದಾಣದ ಗೋಡೆಯ ಮೇಲೆ ಮೂಲವ್ಯಾಧಿ ವಾಸಿ ಮಾಡುವುದಾಗಿ ಬರೆಸಿದವರು ಬೆರಳಿಟ್ಟು ಕೂಡ ಪರೀಕ್ಷಿಸದೆ ಔಷಧ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಮಲವು ಡಾಂಬರಿನಂತೆ ಕಪ್ಪಗೆ, ಅಂಟಾಗಿ, ದುರ್ನಾತದಿಂದ ಬಂದರೆ ರಕ್ತ ಜಠರದ ಭಾಗದಿಂದ ಇಳಿಯುತ್ತಿದೆಯೆಂದು ಅರ್ಥ. ಅಂದೇ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣದ ಮಾತ್ರೆ ನುಂಗುವವರಲ್ಲಿಯೂ ಮಲ ಕಪ್ಪಾಗುವುದುಂಟು. ಆದ್ದರಿಂದ ಸೇವಿಸುತ್ತಿರುವ ಮಾತ್ರೆ, ಲೇಹ್ಯ, ಭಸ್ಮಗಳೆಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿಗೆ ಹೋಗುವುದು ಒಳ್ಳೆಯದು.