ಚಟ ಬಿಡಿಸಲು ಬಂಗಾರ ಅಡವಿಡಬೇಕಾಗಿಲ್ಲ

ಕುಡಿತ, ಗಾಂಜಾ, ನಿದ್ರೆ ಗುಳಿಗೆ, ಪುಡಿ ಬೆರೆಸಿದ ಸೇಂದಿ – ಚಟ ಯಾವುದೇ ಇರಲಿ, ರೋಗಿಯನ್ನು ಕರೆತಂದ ಮನೆಯವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: 'ಸಾಹೇಬ್ರ, ಎಷ್ಟ್ ಖರ್ಚ್ ಬರ್ತದ್ರಿ?' ಈ ಪ್ರಶ್ನೆ ಸಹಜ. ದುಡಿಯುವ ಕೈಯೇ ಚಟಕ್ಕೆ ಬಿದ್ದ ಮನೆಯಲ್ಲಿ ಹಣ ಮೊದಲೇ ಖಾಲಿಯಾಗಿರುತ್ತದೆ. ಬ್ರಹ್ಮಪುರದ ಓಣಿಗಳಲ್ಲಾಗಲಿ, ಕಮಲಾಪುರದ ಕಡೆಯ ಹಳ್ಳಿಗಳಲ್ಲಾಗಲಿ, ಹೆಂಡತಿಯ ಮೈಮೇಲಿನ ಕೊನೆಯ ಬಂಗಾರವನ್ನೂ ಅಡವಿಟ್ಟು ಯಾವುದೋ ಖಾಸಗಿ ಕೇಂದ್ರಕ್ಕೆ ಮೂರು ತಿಂಗಳ ಹಣವನ್ನು ಮುಂಗಡವಾಗಿ ಕಟ್ಟಿ ಬಂದವರನ್ನು ನಾನು ಕಂಡಿದ್ದೇನೆ. ಹಾಗೆ ಮಾಡುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಈ ವಾರ ನೋಡೋಣ.

ವ್ಯಸನದ ಚಿಕಿತ್ಸೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು, ದೇಹಕ್ಕೆ ಅಂಟಿದ ಅಮಲನ್ನು ಅಪಾಯವಿಲ್ಲದೆ ಇಳಿಸುವುದು. ಇದಕ್ಕೆ ಸಾಮಾನ್ಯವಾಗಿ ಒಂದೆರಡು ವಾರ ಸಾಕು. ಎರಡನೆಯದು, ಬಿಟ್ಟವನು ಮತ್ತೆ ಹಿಡಿಯದಂತೆ ನೋಡಿಕೊಳ್ಳುವುದು. ಇದು ಒಂದು ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು. ರೋಗಿ ಉಳಿಯುವುದು, ಬೀಳುವುದು ಈ ಎರಡನೆಯ ಭಾಗದಲ್ಲಿಯೇ. ಆದರೆ ಮನೆಯವರು ಇದ್ದಬದ್ದ ಹಣವನ್ನೆಲ್ಲ ಮೊದಲ ಭಾಗಕ್ಕೇ ಸುರಿಯುತ್ತಾರೆ. ಆಮೇಲೆ ತಿಂಗಳಿಗೊಮ್ಮೆ ವೈದ್ಯರನ್ನು ಕಾಣಲು ಬಸ್ ಚಾರ್ಜಿಗೂ ಕಾಸಿರುವುದಿಲ್ಲ. ಮೊದಲ ಭಾಗವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಮುಗಿಸಿ, ಕೈಯಲ್ಲಿರುವ ಅಷ್ಟಿಷ್ಟು ಹಣವನ್ನು ಎರಡನೆಯದಕ್ಕೆ ಉಳಿಸಿಕೊಳ್ಳಿ. ನನ್ನ ಮುಖ್ಯ ಸಲಹೆ ಇದೇ.

ಕೋಣೆಯಲ್ಲಿ ಕೂಡಿಹಾಕಬೇಡಿ

ಹಣವಿಲ್ಲದವರು ಮಾಡುವ ಮೊದಲ ಪ್ರಯೋಗ ರೋಗಿಯನ್ನು ಮನೆಯಲ್ಲೇ ಕೂಡಿಹಾಕಿ 'ಹೇಗೆ ಕುಡಿತಾನೋ ನೋಡೋಣ' ಎನ್ನುವುದು. ದಿನವೂ ವಿಪರೀತ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಬುದ್ಧಿ ಭ್ರಮಣೆಯಾಗಿ, ಇಲ್ಲದ ಹುಳು ಹುಪ್ಪಟೆ ಕಾಣುತ್ತವೆ. ದೆವ್ವ ಬಡಿದಿದೆ ಎಂದು ದರ್ಗಾಕ್ಕೋ ಗುಡಿಗೋ ಕರೆದೊಯ್ಯುವುದು ಆಗಲೇ. ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು.

ಸೇಂದಿಯ ವಿಷಯದಲ್ಲಿ ನಮ್ಮ ಗಡಿ ಭಾಗದವರು ಇನ್ನೂ ಎಚ್ಚರವಾಗಿರಬೇಕು. ಕಲಬೆರಕೆ ಸೇಂದಿಯಲ್ಲಿ ಮರದ ರಸಕ್ಕಿಂತ 'ಸಿ.ಎಚ್. ಪೌಡರ್' ಎಂದು ಕರೆಯುವ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಅಲ್ಪ್ರಜೋಲಾಮ್‌ಗಳ ಅಮಲೇ ಹೆಚ್ಚು. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆಯ ಮೇಲೆ ಬಿಗಿ ಕ್ರಮ ಕೈಗೊಂಡಾಗ, ದಿನದ ಸೇಂದಿ ಒಮ್ಮೆಲೇ ತಪ್ಪಿದವರು ಫಿಟ್ಸ್, ಹುಚ್ಚು ಮಾತುಗಳೊಂದಿಗೆ ಗುಂಪುಗುಂಪಾಗಿ ಆಸ್ಪತ್ರೆ ಸೇರಿದ್ದರು. ನಿದ್ರೆ ಗುಳಿಗೆಯ ಚಟಕ್ಕೂ ಇದೇ ಮಾತು. ಪ್ರಮಾಣವನ್ನು ವೈದ್ಯರೇ ಮೆಲ್ಲಗೆ ಇಳಿಸಬೇಕು. ಗಾಂಜಾ ಬಿಟ್ಟವರಿಗೆ ನಿದ್ರೆಗೆಡುವುದು, ಸಿಡಿಮಿಡಿ ಇರುತ್ತದೆ. ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ, ಹೊರರೋಗಿಯಾಗಿಯೇ ಚಿಕಿತ್ಸೆ ಪಡೆಯಬಹುದು.

ನಡುಕ ಹೆಚ್ಚಾಗಿ, ಫಿಟ್ಸ್ ಬಂದು ಅಥವಾ ಮಾತು ಅಡ್ಡಾದಿಡ್ಡಿಯಾದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಓಣಿಯಲ್ಲಿ ಸಿಕ್ಕವರ ಬಳಿ 'ಒಂದು ಗ್ಲೂಕೋಸ್ ಬಾಟಲಿ ಹಾಕ್ರಿ' ಎನ್ನಬೇಡಿ. ಬಹುಕಾಲ ಕುಡಿದವರ ದೇಹದಲ್ಲಿ ಬಿ-1 ಜೀವಸತ್ವ ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಹಾನಿಯಾಗುವ ಸಂಭವವಿದೆ. ಬಿ-1 ದುಬಾರಿ ಔಷಧವೇನಲ್ಲ.

ಎಲ್ಲಿಗೆ ಹೋಗಬೇಕು?

ಮನೆಯಿಂದ ಹೊರಡುವ ಮೊದಲೇ 14416ಕ್ಕೆ ಕರೆ ಮಾಡಬಹುದು. ಇದು 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಕೇಂದ್ರ ಸರ್ಕಾರದ ಅನುದಾನದಿಂದ ನಡೆಯುವ ಉಚಿತ ವ್ಯಸನಮುಕ್ತಿ ಕೇಂದ್ರ ಹತ್ತಿರದಲ್ಲಿ ಎಲ್ಲಿದೆ ಎಂಬುದನ್ನೂ ಅಲ್ಲಿ ಕೇಳಿ.

ಕಲಬುರಗಿಯಲ್ಲಿ ಜಿಲ್ಲಾ ಆಸ್ಪತ್ರೆ, ಅಂದರೆ ಜಿಮ್ಸ್‌ನ ಮನೋವೈದ್ಯ ವಿಭಾಗ ಇದೆ. 'ಹುಚ್ಚರ ವಿಭಾಗ' ಎಂದು ಹಿಂಜರಿಯುವವರು ಇಂದಿಗೂ ಇದ್ದಾರೆ. ಚಟಕ್ಕೆ ಮದ್ದು ಕೊಡುವವರು ಮನೋವೈದ್ಯರೇ. ಹೊಟ್ಟೆನೋವಿಗೆ ಎಂದು ಸುಳ್ಳು ಹೇಳಿ ಬೇರೆ ವಿಭಾಗದ ಸಾಲಿನಲ್ಲಿ ನಿಂತರೆ ಒಂದು ದಿನದ ಕೂಲಿ ಹಾಳು. ಮನೆಯಲ್ಲಿ ಯಾರಿಗಾದರೂ ಇ.ಎಸ್.ಐ. ಕಾರ್ಡ್ ಇದ್ದರೆ ನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ರೋಗಿಯ ಹೆಸರೂ ಅದರಲ್ಲಿ ಸೇರಿದೆಯೇ ಎಂದು ವಿಚಾರಿಸಿ. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೇ ಬರುತ್ತಾರೆ. ಕಮಲಾಪುರದವರು ತಮಗೆ ಹತ್ತಿರದಲ್ಲಿ ಯಾವ ಮಂಗಳವಾರ, ಎಲ್ಲಿ ಎಂದು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಂಡರೆ ನಗರಕ್ಕೆ ಅಲೆಯುವುದು ತಪ್ಪುತ್ತದೆ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ಗಳಿಗೆ ಹೋಗಬೇಕಾದದ್ದು ಇಲ್ಲಿನ ವೈದ್ಯರು ಬರೆದುಕೊಟ್ಟಾಗ ಮಾತ್ರ.

ಇದು ಯಾರೋ ತೋರಿಸುವ ದಯೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆ ಎಂದೇ ಎಣಿಸುತ್ತದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ, ಕೈಯಲ್ಲಿ ಬಿ.ಪಿ.ಎಲ್. ಕಾರ್ಡ್ ಇರಲಿ ಇಲ್ಲದಿರಲಿ, ಸರ್ಕಾರಿ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಯ ಹಕ್ಕನ್ನು ಅದು ಕೊಟ್ಟಿದೆ. ಕಾರ್ಡ್ ಇಲ್ಲವೆಂದು ಕೌಂಟರಿನಲ್ಲಿ ತಿರುಗಿಸಿ ಕಳಿಸಿದರೆ ಈ ಕಾಯ್ದೆಯ 18ನೆಯ ಕಲಮಿನ ಹೆಸರು ಹೇಳಿ.

ಗಾಂಜಾ ಸೇದುವ ಹುಡುಗನ ತಂದೆಗೆ ಪೊಲೀಸರ ಭಯ ಬೇರೆ. ವೈದ್ಯರು ರೋಗಿಯ ವಿಷಯವನ್ನು ಗುಟ್ಟಾಗಿ ಇಡಬೇಕು. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಒಪ್ಪಿದರೆ, ಮಾದಕ ವಸ್ತುಗಳ ಕಾಯ್ದೆಯ 64-ಎ ಕಲಮು ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ನಡುವೆಯೇ ಬಿಟ್ಟರೆ ಆ ರಕ್ಷಣೆ ಹೋಗಬಹುದು.

'ಅವನಿಗೆ ಗೊತ್ತಾಗದಂತೆ'

'ರೋಗಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ' ಎಂಬ ಗೋಡೆ ಬರಹಗಳನ್ನು ನೀವು ನೋಡಿರಬಹುದು. ಅಂಥ ಪುಡಿಗಳಲ್ಲಿ ಏನಿದೆಯೋ ಬಲ್ಲವರಿಲ್ಲ. ಡೈಸಲ್ಫಿರಾಮ್ ಎಂಬ ಗುಳಿಗೆಯನ್ನು ಸಾರಿನಲ್ಲಿ ಪುಡಿಮಾಡಿ ಹಾಕುವವರೂ ಇದ್ದಾರೆ. ಅದನ್ನು ತಿಂದವನು ಕುಡಿದರೆ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ವಾಂತಿಯಾಗಿ ರಕ್ತದೊತ್ತಡ ಕುಸಿಯುತ್ತದೆ, ಸಾವೂ ಬರಬಹುದು. ರೋಗಿಯೇ ಒಪ್ಪಿ, ವೈದ್ಯರ ನಿಗಾದಲ್ಲಿ ನುಂಗಿದಾಗ ಮಾತ್ರ ಅದು ಔಷಧ. ಊಟದಲ್ಲಿ ಕದ್ದು ಹಾಕಿದ್ದು ಗೊತ್ತಾದ ಮೇಲೆ ಅವನು ಹೆಂಡತಿಯ ಕೈಯ ಅನ್ನವನ್ನೂ ನಂಬುವುದಿಲ್ಲ.

ಖಾಸಗಿ ಕೇಂದ್ರಕ್ಕೇ ಸೇರಿಸುವುದಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ, ಅಲ್ಲಿಗೆ ಮನೋವೈದ್ಯರು ಬರುತ್ತಾರೆಯೇ, ಮನೆಯವರು ಬಂದು ನೋಡಬಹುದೇ ಎಂದು ಕೇಳಿ. ಸರಪಳಿ ಕಟ್ಟುವುದು ಕಾನೂನಿಗೆ ವಿರುದ್ಧ.

ಇನ್ನು ಎರಡನೆಯ ಭಾಗ. ಹಂಬಲ ತಗ್ಗಿಸುವ ಗುಳಿಗೆಗಳನ್ನು ಸರ್ಕಾರಿ ಆಸ್ಪತ್ರೆಯ ಔಷಧಾಲಯದಲ್ಲೇ ಮೊದಲು ಕೇಳಿ. 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಭೆಗಳಿಗೆ ಶುಲ್ಕವಿಲ್ಲ, ಹೆಸರನ್ನೂ ಪೂರ್ತಿ ಹೇಳಬೇಕಾಗಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳೂ ಹಲವರಿಗೆ ನೆರವಾಗಿವೆ. ಆದರೆ ಹಿಂದೆ ಫಿಟ್ಸ್ ಬಂದವರು ಮೊದಲು ವೈದ್ಯರನ್ನು ಕಂಡೇ ಶಿಬಿರಕ್ಕೆ ಹೋಗಬೇಕು. ಬಿಟ್ಟವನು ಮತ್ತೆ ಒಮ್ಮೆ ಕುಡಿದರೆ ಬೈದು ಚಿಕಿತ್ಸೆ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ ಮರಳಿ ಏರಿದರೆ ಏನು ಮಾಡುತ್ತೀರೋ ಅದನ್ನೇ ಮಾಡಿ. ಅದೇ ವಾರ ವೈದ್ಯರ ಬಳಿ ಕರೆತನ್ನಿ.

ಮೊದಲ ಭೇಟಿಗೆ ಬರುವಾಗ ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು, ರೋಗಿ ನುಂಗುತ್ತಿರುವ ಗುಳಿಗೆಗಳ ಖಾಲಿ ಹಾಳೆ ತನ್ನಿ. ದಿನಕ್ಕೆ ಎಷ್ಟು, ಕೊನೆಯ ಬಾರಿ ಯಾವಾಗ ತೆಗೆದುಕೊಂಡ, ಹಿಂದೆ ಫಿಟ್ಸ್ ಬಂದಿತ್ತೇ – ಈ ಮೂರನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಎಲ್ಲ ಗೊತ್ತಿರುವ ಒಬ್ಬರು ಜೊತೆಗಿರಲಿ.