ಗಂಡಾಂತರ ಗರ್ಭಕ್ಕೆ ವೈದ್ಯರ ಹುಡುಕಾಟ: ಸನ್ನತಿಯಿಂದ ಕಲಬುರಗಿಯವರೆಗೆ

ತಾಯಿಯ ಅಥವಾ ಹೊಟ್ಟೆಯಲ್ಲಿರುವ ಕೂಸಿನ ಜೀವಕ್ಕೆ ಸಾಮಾನ್ಯಕ್ಕಿಂತ ಹೆಚ್ಚಿನ ಅಪಾಯವಿರುವ ಬಸಿರನ್ನು ಆರೋಗ್ಯ ಇಲಾಖೆ ‘ಗಂಡಾಂತರ ಗರ್ಭ’ ಎಂದು ಗುರುತಿಸುತ್ತದೆ. ರಕ್ತದೊತ್ತಡ 140/90 ಮುಟ್ಟುವುದು ಅಥವಾ ಮೀರುವುದು, ಹಿಮೋಗ್ಲೋಬಿನ್ 7 ಗ್ರಾಮಿಗಿಂತ ಕೆಳಗಿಳಿಯುವುದು, ಸಕ್ಕರೆ ಕಾಯಿಲೆ, ಅವಳಿ ಕೂಸು, ಹಿಂದಿನ ಸಿಸೇರಿಯನ್, ಮಾಸು ಗರ್ಭಕೋಶದ ಬಾಯಿಯ ಹತ್ತಿರ ಇಳಿದಿರುವುದು ಇಂಥ ಗುರುತುಗಳಲ್ಲಿ ಮುಖ್ಯವಾದವು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದ ಮನೆಗಳಲ್ಲಿ ಈ ಗುರುತು ಕಂಡ ಕೂಡಲೇ ‘ಒಳ್ಳೆಯ ಡಾಕ್ಟರ್ ಯಾರು’ ಎಂಬ ವಿಚಾರಣೆ ಶುರುವಾಗುತ್ತದೆ. ಆದರೆ ಹೆಸರುವಾಸಿ ವೈದ್ಯರನ್ನು ಹುಡುಕುವುದಕ್ಕಿಂತ ಮೊದಲು, ನಡುರಾತ್ರಿಯಲ್ಲಿಯೂ ರಕ್ತ, ಅರಿವಳಿಕೆ ತಜ್ಞರು ಮತ್ತು ನವಜಾತ ಶಿಶುಗಳ ನಿಗಾ ಘಟಕ ಒಂದೇ ಸೂರಿನಡಿ ಸಿಗುವ ಆಸ್ಪತ್ರೆಯನ್ನು ಹುಡುಕಬೇಕು ಎಂಬುದನ್ನು ಭೀಮಾ ತೀರದ ಸನ್ನತಿಯ ಒಂದು ಪ್ರಕರಣ ಸ್ಪಷ್ಟಪಡಿಸುತ್ತದೆ. ಆ ಪ್ರಕರಣ ಈ ಬರಹದ ಲೇಖಕಿಯದೇ ಆಗಿದೆ.

ಲೇಖಕಿಯ ಮೊದಲ ಹೆರಿಗೆ ಸಿಸೇರಿಯನ್ ಆಗಿತ್ತು. ಎರಡನೆಯ ಬಸಿರಿನ ಇಪ್ಪತ್ತನೆಯ ವಾರದ ಸ್ಕ್ಯಾನಿಂಗಿನಲ್ಲಿ ಮಾಸು ಕೆಳಗಿದೆ ಎಂದು ಬರೆದು ಕೊಡಲಾಯಿತು. ಈ ಹಂತದಲ್ಲಿ ಕೆಳಗೆ ಕಾಣುವ ಮಾಸು ಬಹುಪಾಲು ಗರ್ಭಿಣಿಯರಲ್ಲಿ ಗರ್ಭಕೋಶ ಬೆಳೆದಂತೆ ಮೇಲಕ್ಕೆ ಸರಿಯುತ್ತದೆ ಎಂಬುದು ನಿಜ. ಆದರೆ ಹಳೆಯ ಸಿಸೇರಿಯನ್ ಗಾಯದ ಮೇಲೆಯೇ ಮಾಸು ಕೂತಿದ್ದರೆ ಅದು ಗರ್ಭಕೋಶದ ಗೋಡೆಯೊಳಗೆ ಬೇರೂರುವ ಸಂಭವವಿರುತ್ತದೆ. ಒಂದು ಸಿಸೇರಿಯನ್ ಆದವರಲ್ಲಿ ಮುಂದಿನ ಬಸಿರಿನಲ್ಲಿ ಮಾಸು ಬಾಯಿಯನ್ನು ಮುಚ್ಚಿಕೊಂಡಿದ್ದರೆ, ನೂರರಲ್ಲಿ ಸುಮಾರು ಹನ್ನೊಂದು ಮಂದಿಗೆ ಹೀಗಾಗುತ್ತದೆ ಎಂದು 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿದೆ. ಇಂಥ ಮಾಸು ಹೆರಿಗೆಯ ನಂತರ ಬಿಡಿಸಿಕೊಳ್ಳುವುದಿಲ್ಲ, ಬಲವಂತವಾಗಿ ಬಿಡಿಸಲು ಹೋದರೆ ನಿಲ್ಲದ ರಕ್ತಸ್ರಾವವಾಗುತ್ತದೆ. ಸ್ಕ್ಯಾನಿಂಗನ್ನು ಪುನಃ ಯಾವಾಗ ಮಾಡಿಸಬೇಕು, ಯಾರಿಗೆ ತೋರಿಸಬೇಕು ಎಂಬುದನ್ನು ಆ ಕ್ಲಿನಿಕ್ಕಿನಲ್ಲಿ ಯಾರೂ ಹೇಳಲಿಲ್ಲ. ‘ತಾನೇ ಸರಿಹೋಗ್ತದ’ ಎಂದಷ್ಟೇ ಹೇಳಿ ಕಳಿಸಿದರು.

ಮನೆಯ ಹಿರಿಯರಲ್ಲಿ ಒಬ್ಬರಾದ ಅತ್ತೆಯ ಅಣ್ಣ ಈ ಮಾತನ್ನೇ ಹಿಡಿದುಕೊಂಡರು. ಏಳು ತಿಂಗಳು ತುಂಬಿದ ಮೇಲೆ ಚಿಂಚೋಳಿ ಕಡೆಯ ತವರಿಗೆ ಕಳಿಸಿದರೆ ಸಾಕು, ಅಲ್ಲಿಂದ ಹೈದರಾಬಾದ ಹತ್ತಿರ ಎಂಬುದು ಅವರ ವಾದವಾಗಿತ್ತು. ಲೇಖಕಿ ಒಪ್ಪಲಿಲ್ಲ. ತವರಿಗೆ ಹೋಗುವುದೆಂದರೆ ಕೊನೆಯ ತಿಂಗಳುಗಳಲ್ಲಿ ವೈದ್ಯರನ್ನೂ ಆಸ್ಪತ್ರೆಯನ್ನೂ ಬದಲಾಯಿಸುವುದು ಎಂದರ್ಥ, ಮತ್ತು ಗಂಡಾಂತರ ಗರ್ಭದಲ್ಲಿ ಅದಕ್ಕಿಂತ ದೊಡ್ಡ ಅಪಾಯ ಮತ್ತೊಂದಿಲ್ಲ ಎಂಬ ಹಟವನ್ನು ಆಕೆ ಕೊನೆಯವರೆಗೂ ಬಿಡಲಿಲ್ಲ. ಆಶಾ ಕಾರ್ಯಕರ್ತೆಯ ನೆರವಿನಿಂದ ಆಕೆ ತಿಂಗಳ 9ನೇ ತಾರೀಖಿನ ತಪಾಸಣೆಗೆ ಹೋದಳು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಪ್ರಕಾರ ಆ ದಿನ ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರು ಉಚಿತವಾಗಿ ಪರೀಕ್ಷಿಸುತ್ತಾರೆ. ಅಲ್ಲಿದ್ದ ಪ್ರಸೂತಿ ತಜ್ಞೆ ತಾಯಿ ಕಾರ್ಡಿನ ಮೇಲೆ ಕೆಂಪು ಗುರುತು ಹಾಕಿ, ಹೆರಿಗೆ ಕಲಬುರಗಿಯಲ್ಲಿಯೇ ಆಗಬೇಕೆಂದು ಬರೆದರು. ಕಲಬುರಗಿಯ ಬೋಧನಾ ಆಸ್ಪತ್ರೆಯೊಂದರಲ್ಲಿ ಮಾಡಿಸಿದ ಎರಡನೆಯ ಸ್ಕ್ಯಾನಿಂಗಿನಲ್ಲಿ ಮಾಸು ಬಾಯಿಯನ್ನು ಪೂರ್ತಿ ಮುಚ್ಚಿರುವುದೂ, ಹಳೆಯ ಗಾಯಕ್ಕೆ ಅಂಟಿಕೊಂಡಿರುವ ಶಂಕೆಯಿರುವುದೂ ಕಂಡುಬಂದಿತು. ಮೂವತ್ತೈದನೆಯ ವಾರದ ಹೊತ್ತಿಗೆ ಶಸ್ತ್ರಚಿಕಿತ್ಸೆ ಮಾಡುವುದೆಂದು ನಿರ್ಧಾರವಾಯಿತು.

ಆ ವಾರ ಬರುವ ಮೊದಲೇ ಒಂದು ರಾತ್ರಿ ಸನ್ನತಿಯ ಮನೆಯಲ್ಲಿ ರಕ್ತಸ್ರಾವ ಶುರುವಾಯಿತು. ನೋವು ಸ್ವಲ್ಪವೂ ಇರಲಿಲ್ಲ; ನೋವಿಲ್ಲದೆ ಹಸಿ ಕೆಂಪು ರಕ್ತ ಹರಿಯುವುದೇ ಮಾಸು ಕೆಳಗಿರುವುದರ ಲಕ್ಷಣವಾದರೂ, ನೋವಿಲ್ಲವೆಂಬ ಕಾರಣಕ್ಕೆ ಮನೆಯವರು ಬೆಳಗಿನವರೆಗೆ ಕಾಯೋಣವೆಂದರು. ಲೇಖಕಿಯ ಗಂಡ 108ಕ್ಕೆ ಕರೆ ಮಾಡಿದ. ಆಂಬುಲೆನ್ಸ್ ಬೇರೆ ಕರೆಯ ಮೇಲೆ ಹೋಗಿದ್ದುದರಿಂದ ಓಣಿಯವರೊಬ್ಬರ ಜೀಪಿನಲ್ಲಿ ಹೊರಟರು. ನಾಲವಾರ ದಾಟಿ ವಾಡಿಯ ಕಡೆ ಬರುವಷ್ಟರಲ್ಲಿ ಕೆಳಗೆ ಹಾಸಿದ್ದ ಕೌದಿ ತೊಯ್ದಿತ್ತು. ಮುಂದೆ ಸಿಮೆಂಟಿನ ಲಾರಿಗಳೂ ಶಹಾಬಾದ ಕಲ್ಲು ಹೇರಿದ ಲಾರಿಗಳೂ ದಾರಿಯನ್ನು ಕಟ್ಟಿದ್ದವು. ಕೈಕಾಲು ತಣ್ಣಗಾಗಿ, ಕಣ್ಣು ಕತ್ತಲಿಡತೊಡಗಿದಾಗ, ದಾರಿಯಲ್ಲಿ ಸಿಕ್ಕ ಒಂದು ಆಸ್ಪತ್ರೆಗೆ ಜೀಪನ್ನು ತಿರುಗಿಸಿದರು.

ಅಲ್ಲಿ ರಾತ್ರಿ ಪಾಳಿಯಲ್ಲಿದ್ದವರು ಕಾರ್ಡನ್ನಾಗಲಿ ವರದಿಯನ್ನಾಗಲಿ ನೋಡದೆ, ಬಾಯಿ ಎಷ್ಟು ತೆರೆದಿದೆ ಎಂದು ತಿಳಿಯಲು ಒಳಗೆ ಕೈಹಾಕಿ ಪರೀಕ್ಷಿಸಲು ಮುಂದಾದರು. ಮಾಸು ಬಾಯಿಯನ್ನು ಮುಚ್ಚಿರುವಾಗ ಹಾಗೆ ಪರೀಕ್ಷಿಸಿದರೆ ರಕ್ತದ ಕೋಡಿಯೇ ಹರಿಯಬಹುದು. ಆದ್ದರಿಂದ ರಕ್ತಸ್ರಾವದೊಂದಿಗೆ ಬಂದ ಗರ್ಭಿಣಿಯಲ್ಲಿ ಮಾಸಿನ ಜಾಗ ಖಚಿತವಾಗುವವರೆಗೆ ಇದನ್ನು ಮಾಡಬಾರದೆಂಬುದು ಪ್ರಸೂತಿಶಾಸ್ತ್ರದ ಮೂಲಪಾಠ. ಕಲಬುರಗಿಯ ಬೋಧನಾ ಆಸ್ಪತ್ರೆಯ ತಜ್ಞೆ ಇದನ್ನು ಮೊದಲೇ ತಿಳಿಸಿದ್ದರಿಂದ ಲೇಖಕಿ ಎರಡೂ ಕಾಲುಗಳನ್ನು ಒತ್ತಿ ಹಿಡಿದು, ಸ್ಕ್ಯಾನಿಂಗ್ ವರದಿಯನ್ನು ಎದೆಯ ಮೇಲಿಟ್ಟುಕೊಂಡು, ‘ಇದನ್ನ ಓದೂ ತನಕ ಕೈ ಹಚ್ಚಬ್ಯಾಡ್ರಿ’ ಎಂದು ಕೂಗಿದಳು. ವರದಿ ಓದಿದ ಮೇಲೆ ಅವರು ‘ಇಲ್ಲಿ ಆಗಂಗಿಲ್ರಿ, ಮುಂದ ಒಯ್ರಿ’ ಎಂದರು. ರೆಫರ್ ಚೀಟಿ ಬರೆಯಲೂ, ಕಲಬುರಗಿಗೆ ಫೋನ್ ಮಾಡಲೂ ಅವರಿಗೆ ಮನಸ್ಸಿರಲಿಲ್ಲ. ಗಂಡ ಬಾಗಿಲಿಗೆ ಅಡ್ಡ ನಿಂತ ಮೇಲೆ ಕೈಗೆ ಸಲಾಯಿನ್ ಹಚ್ಚಿ ಕಳಿಸಿದರು. ಆ ರಾತ್ರಿ ಪಾಳಿಯವರ ಅಸಡ್ಡೆಯನ್ನು ಲೇಖಕಿ ಇಂದಿಗೂ ಕ್ಷಮಿಸಿಲ್ಲ, ಕ್ಷಮಿಸುವ ಅಗತ್ಯವೂ ಆಕೆಗೆ ಕಂಡಿಲ್ಲ.

ಕಲಬುರಗಿ ಮುಟ್ಟಿದಾಗ, ಬೋಧನಾ ಆಸ್ಪತ್ರೆಯಲ್ಲಿ ಹಳೆಯ ಕಡತವಿದ್ದುದರಿಂದ ರಕ್ತದ ಗುಂಪಿನಿಂದ ಹಿಡಿದು ಮಾಸಿನ ಜಾಗದವರೆಗೆ ಎಲ್ಲವೂ ಕೂಡಲೇ ತಿಳಿಯಿತು. ಮಾಸು ಬಿಡಿಸಿಕೊಳ್ಳದೆ ಹೋದದ್ದರಿಂದ ಗರ್ಭಕೋಶವನ್ನೇ ತೆಗೆಯಬೇಕಾಯಿತು. ಬಾಟಲಿಯ ಮೇಲೆ ಬಾಟಲಿ ರಕ್ತ ಏರಿಸಬೇಕಾಯಿತು. ತಿಂಗಳು ತುಂಬದೆ ಹುಟ್ಟಿದ ಹೆಣ್ಣುಕೂಸು ನಿಗಾ ಘಟಕದಲ್ಲಿ ಚೇತರಿಸಿಕೊಂಡಿತು. ಗರ್ಭಕೋಶ ಹೋದದ್ದಕ್ಕೆ ಮರುಗುತ್ತ ಬಂದ ಅದೇ ಹಿರಿಯರು, ತವರಿಗೆ ಹೋಗಿದ್ದರೆ ಹೀಗಾಗುತ್ತಿರಲಿಲ್ಲವೆಂದು ಇನ್ನೂ ಹೇಳುತ್ತಾರೆ. ಕಡತ ಒಂದು ಊರಿನಲ್ಲಿ, ಬಸುರಿ ಇನ್ನೊಂದು ಊರಿನಲ್ಲಿ ಇದ್ದಿದ್ದರೆ ಆ ರಾತ್ರಿ ಏನಾಗುತ್ತಿತ್ತೆಂಬುದಕ್ಕೆ ಅವರಲ್ಲಿ ಉತ್ತರವಿಲ್ಲ.

ಇದರಿಂದ ಹೊರಡುವ ತಿಳಿವಳಿಕೆ ಸರಳವಾದುದು. ಹೆರಿಗೆಯ ಆಸ್ಪತ್ರೆಯನ್ನು ಏಳನೆಯ ತಿಂಗಳೊಳಗೆ ನಿಗದಿಪಡಿಸಿ, ಅಲ್ಲಿ ಒಮ್ಮೆಯಾದರೂ ಹೆಸರು ಬರೆಸಿ ಕಡತ ತೆರೆಯಿಸಬೇಕು. ರಾತ್ರಿ ಅರಿವಳಿಕೆ ತಜ್ಞರು ಇರುತ್ತಾರೆಯೇ, ರಕ್ತನಿಧಿ ತೆರೆದಿರುತ್ತದೆಯೇ, ಕಡಿಮೆ ತೂಕದ ಕೂಸನ್ನು ಅಲ್ಲಿಯೇ ನೋಡಿಕೊಳ್ಳುತ್ತಾರೆಯೇ ಎಂದು ನೇರವಾಗಿ ಕೇಳಬೇಕು. ಕಲಬುರಗಿಯಲ್ಲಿ ಜಿಮ್ಸ್ (ಗುಲ್ಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ), ಇಎಸ್‌ಐಸಿ ವೈದ್ಯಕೀಯ ಕಾಲೇಜು ಮತ್ತು 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಇರುವುದರಿಂದ ವಿಚಾರಿಸಲು ಜಾಗಗಳಿವೆ. ವಾಡಿ, ಸೇಡಂ ಕಡೆಯ ಕಾರ್ಖಾನೆಗಳಲ್ಲಿ ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರು ಅದನ್ನು ಮರೆಯಬಾರದು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ರಕ್ತ, ಔಷಧಿ, ವಾಹನ ಎಲ್ಲವೂ ಉಚಿತ. ರಕ್ತ ಕೊಡಬಲ್ಲ ಬಂಧುಗಳ ಮತ್ತು ವಾಹನವಿರುವ ನೆರೆಯವರ ಫೋನ್ ನಂಬರುಗಳನ್ನು ತಾಯಿ ಕಾರ್ಡಿನಲ್ಲಿಯೇ ಬರೆದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ವರದಿಯಲ್ಲಿ ಏನು ಬರೆದಿದೆ ಎಂಬುದನ್ನು ಬಸುರಿಯೇ ವೈದ್ಯರ ಬಾಯಿಂದ ಕೇಳಿ ತಿಳಿದಿರಬೇಕು. ಆ ರಾತ್ರಿ ಸನ್ನತಿಯ ಬಸುರಿಯನ್ನು ಉಳಿಸಿದ ಮೊದಲ ಮದ್ದು ಆ ತಿಳಿವಳಿಕೆಯೇ ಆಗಿತ್ತು.